ಮೂಡಿಗೆರೆಯ ಮೇಸ್ತ್ರಿ, ನಾಲ್ಕು ಬಾಟಲಿ ಮತ್ತು 2.31 ಲಕ್ಷ ಕಿಲೋಮೀಟರ್ ಓಡಿದ ಗಾಡಿ

‘ಅಷ್ಟು ಓಡಿದ ಗಾಡಿ ತಗೊಂಡ್ರೆ ಗ್ಯಾರೇಜ್ ಪಕ್ಕದಲ್ಲೇ ಬಾಡಿಗೆ ಮನೆ ನೋಡ್ಕೋಬೇಕಾಗತ್ತೆ’ ಅಂತ ಮಾವ ಹೇಳಿದ್ದರು. ಅವರು ಹೇಳಿದ್ದು ತಪ್ಪೇನಲ್ಲ. ಆದರೆ ನಮಗೆ ಬೇರೆ ದಾರಿ ಇರಲಿಲ್ಲ. ಬಣಕಲ್ ಹತ್ತಿರ ಆರು ಎಕರೆ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ. ಮನೆಯಲ್ಲಿ ಆರು ಜನ. ತಿಂಗಳಿಗೆ ಎರಡು ಸಲ ಅತ್ತೆಯನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಮ್ಮ ಹಳೇ ಸಣ್ಣ ಕಾರು ಜೂನ್ ಬಂತೆಂದರೆ ಗೇಟಿನ ಹತ್ತಿರವೇ ನಿಲ್ಲುತ್ತಿತ್ತು. ಹೊಸ ಏಳು ಸೀಟಿನ ಗಾಡಿಗೆ ದುಡ್ಡಿಲ್ಲ. ಐದು ಲಕ್ಷದೊಳಗೆ ಸಿಗುವ ದೊಡ್ಡ ಡೀಸೆಲ್ ಗಾಡಿಗಳೆಲ್ಲ ಎರಡು ಲಕ್ಷ ಕಿಲೋಮೀಟರಿನ ಆಸುಪಾಸಿನವೇ.

ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದು ಗಾಡಿಗಿಂತ ಜಾಸ್ತಿ, ಗಾಡಿ ನೋಡಿಕೊಟ್ಟ ಮೆಕ್ಯಾನಿಕ್ ಬಗ್ಗೆ. ಮೂಡಿಗೆರೆ ಕಡೆಯವರು. ಎಲ್ಲರೂ ಕರೆಯುವುದು ಮೇಸ್ತ್ರಿ ಅಂತ. ನಾನೂ ಹಾಗೇ ಬರೆಯುತ್ತೇನೆ. ಒಂದು ಗಾಡಿ ನೋಡಿಕೊಡಲು ಅವರು ತಗೊಳ್ಳುವುದು 1,500 ರೂಪಾಯಿ. ಬೇರೆ ಊರಾದರೆ ಬಸ್ ಚಾರ್ಜು, ತಿಂಡಿ ನಮ್ಮದು. ಇಂಜೆಕ್ಟರ್ (ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಭಾಗ) ರಿಟರ್ನ್ ಟೆಸ್ಟ್ ಮಾಡಿಸಿದರೆ 500 ಬೇರೆ. ಗಾಡಿಗಳ ಕಂಪನಿ, ಮಾಡೆಲ್ ಹೆಸರು ಹಾಕುವುದಿಲ್ಲ. ಹಾಕಿದರೆ ಮಾರಿದವರು ಯಾರು ಅಂತ ಅರ್ಧ ತಾಲ್ಲೂಕಿಗೆ ಗೊತ್ತಾಗುತ್ತದೆ.

ಮೊದಲ ಗಾಡಿ ಇದ್ದದ್ದು ಹಾಸನದಲ್ಲಿ ಹಳೇ ಗಾಡಿ ಮಾರುವ ಒಂದು ಯಾರ್ಡಿನಲ್ಲಿ. ನಾವು ಹೋಗಿದ್ದು ಹಾಸನಾಂಬೆ ಬಾಗಿಲು ತೆರೆದಿದ್ದ ವಾರ. ಊರ ತುಂಬ ಜನ, ಪಾರ್ಕಿಂಗಿಗೆ ಜಾಗವಿಲ್ಲ. ಹಾಸನದಲ್ಲೇ ಎಂಜಿನಿಯರಿಂಗ್ ಓದುವ ಮಗನೂ ಬಂದ. ಗಾಡಿ 2015ರದ್ದು, ಬೆಂಗಳೂರು ರಿಜಿಸ್ಟ್ರೇಷನ್, ಮೀಟರಿನಲ್ಲಿ 96,000. ಫಳಫಳ ಹೊಳೆಯುತ್ತಿತ್ತು. ಬಾನೆಟ್ ಎತ್ತಿದರೆ ಎಂಜಿನ್ ಕೂಡ ತೊಳೆದು ಪಾಲಿಶ್ ಹಾಕಿದ ಹಾಗಿತ್ತು. ನಾನಂತೂ ಅಲ್ಲೇ ಕರಗಿಹೋದೆ.

ಮೇಸ್ತ್ರಿ ಬಾನೆಟ್ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

‘ಸ್ಟಾರ್ಟ್ ಮಾಡಿದ್ರಾ?’

‘ಈಗ ತೊಳೆದು ಹೊರಗೆ ತಂದ್ವಿ ಅಷ್ಟೆ ಸರ್,’ ಅಂದ ಯಾರ್ಡಿನವನು. ನನ್ನ ಕಡೆ ನೋಡದೆ ನಮ್ಮನೆಯವರ ಕಡೆ ತಿರುಗಿ ಹೇಳಿದ. ಗಾಡಿ ಓಡಿಸುವವಳು ನಾನು, ದುಡ್ಡು ಕೊಡುವವಳೂ ನಾನು. ಇರಲಿ.

‘ನಿನ್ನೆ ರಾತ್ರಿನೇ ಫೋನ್ ಮಾಡಿ ಹೇಳಿಸಿದ್ದೆ, ಮುಟ್ಟಬೇಡಿ ಅಂತ.’

ಇದು ನನಗೆ ಆಮೇಲೆ ಅರ್ಥವಾಯಿತು. ಸವೆದ ಡೀಸೆಲ್ ಎಂಜಿನ್ನಿನ ರೋಗವೆಲ್ಲ ಗೊತ್ತಾಗುವುದು ರಾತ್ರಿಯಿಡೀ ತಣ್ಣಗಿದ್ದು ಬೆಳಿಗ್ಗೆ ಮೊದಲ ಸಲ ಕೀ ತಿರುಗಿಸಿದಾಗ. ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಕಡಿಮೆ ಇದ್ದರೆ, ಗ್ಲೋ ಪ್ಲಗ್ (ತಣ್ಣಗಿರುವ ಎಂಜಿನ್ನನ್ನು ಒಳಗೆ ಬಿಸಿ ಮಾಡುವ ಭಾಗ) ಸುಟ್ಟಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ ಎಂಜಿನ್ ಹತ್ತುವುದಕ್ಕೆ ಒದ್ದಾಡುತ್ತದೆ, ಬಿಳಿ ಹೊಗೆ ಬಿಡುತ್ತದೆ, ಒಂದು ಸಿಲಿಂಡರ್ ಬಿಟ್ಟು ಬಿಟ್ಟು ಹೊಡೆಯುತ್ತದೆ. ಹತ್ತು ನಿಮಿಷ ಬಿಸಿ ಮಾಡಿ ಇಟ್ಟರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ನೋಡುವುದಕ್ಕೆ ಹೋದಾಗ ಗಾಡಿ ಬಿಸಿಯಿದ್ದರೆ ಯಾಕೆ ಅಂತ ಕೇಳಲೇಬೇಕು.

ಬಂದದ್ದು ಬಂದಿದ್ದೀವಿ ಅಂತ ಮೇಸ್ತ್ರಿ ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿದರು. ಎಂಜಿನ್ ತೊಳೆದವರು ಇದನ್ನು ಬಿಚ್ಚಿರಲಿಲ್ಲ. ಫಿಲ್ಟರಿನ ಅಂಚಿನಲ್ಲಿ ಯಾವುದೋ ಹಳೇ ಮೆಕ್ಯಾನಿಕ್ ಮಾರ್ಕರ್ ಪೆನ್ನಲ್ಲಿ ಬರೆದಿದ್ದ: 1,61,400. ಪಕ್ಕದಲ್ಲಿ ಎರಡು ವರ್ಷ ಹಿಂದಿನ ತಾರೀಕು. ಮೀಟರಿನಲ್ಲಿ 96,000! ಮೇಸ್ತ್ರಿ ಏನೂ ಮಾತಾಡಲಿಲ್ಲ. ಫಿಲ್ಟರನ್ನು ನನ್ನ ಕೈಗೆ ಕೊಟ್ಟು ಬ್ರೇಕ್ ಪೆಡಲ್ ತೋರಿಸಿದರು. ಅದರ ರಬ್ಬರ್ ಮೇಲಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಡ್ರೈವರ್ ಸೀಟಿನ ಬಲಗಡೆ ಅಂಚು ಕುಸಿದಿತ್ತು. ತೊಂಬತ್ತಾರು ಸಾವಿರಕ್ಕೆ ಸೀಟು ಹೀಗೆ ಕೂರುವುದಿಲ್ಲ ಅಲ್ವಾ?

ಅಷ್ಟರಲ್ಲಿ ಮಗ ತನ್ನ ಡಾಂಗಲ್ ತೆಗೆದ. ಇಎಲ್‌ಎಂ 327 ಅನ್ನುವ ಬ್ಲೂಟೂತ್ ಸಾಧನ. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗಿಂತ ಕಡಿಮೆಗೆ ಸಿಗುತ್ತದೆ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಚುಚ್ಚಿ, ಎಂಜಿನ್ನಿನ ತೊಂದರೆ ತಿಳಿಸುವ ಫಾಲ್ಟ್ ಕೋಡುಗಳನ್ನು ಮೊಬೈಲಿನಲ್ಲಿ ನೋಡುವುದು. ಒಂದೇ ಒಂದು ಫಾಲ್ಟ್ ಕೋಡ್ ಇಲ್ಲ! ‘ನೋಡಿ ಸರ್, ಗಾಡಿ ಕ್ಲೀನ್,’ ಅಂದ ಯಾರ್ಡಿನವನು. ಮಗ ಇನ್ನೊಂದು ಪುಟ ತೆರೆದ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಷ್ಟು ಅಂತ ಎಷ್ಟೋ ಗಾಡಿಗಳ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಲೆಕ್ಕ ಇಟ್ಟುಕೊಂಡಿರುತ್ತದೆ. ಅಲ್ಲಿ ಇದ್ದದ್ದು 7 ಕಿಲೋಮೀಟರ್.

‘ಬ್ಯಾಟರಿ ಬಿಚ್ಚಿ ಹಾಕಿದ್ರೂ ಕೆಲವದ್ರಲ್ಲಿ ಹೀಗೆ ಸೊನ್ನೆಯಿಂದ ಶುರುವಾಗತ್ತೆ,’ ಅಂದರು ಮೇಸ್ತ್ರಿ. ಅನ್ಯಾಯ ಆಗಬಾರದು ಅಂತಿರಬೇಕು. ಆಮೇಲೆ ನನ್ನ ಕಡೆ ತಿರುಗಿ, ‘ಆದ್ರೆ ಬಾನೆಟ್ ಬಿಸಿ, ಮೀಟರ್ ಸುಳ್ಳು, ಇದೂ ಸೊನ್ನೆ. ಬನ್ನಿ ಅಕ್ಕ, ಕಾಫಿ ಕುಡಿಯೋಣ.’

ಅವತ್ತು ಅವರು ತಗೊಂಡದ್ದು 700 ರೂಪಾಯಿ. ಪೂರ್ತಿ ನೋಡಲಿಲ್ಲವಲ್ಲ, ಪೂರ್ತಿ ಯಾಕೆ ಅಂದರು.

ನಡುವೆ ಸಕಲೇಶಪುರದ ಹತ್ತಿರ ಇನ್ನೊಂದು ಗಾಡಿ ನೋಡಿದೆವು. ಅದರ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ. ಆಯಿಲ್ ಹಾಕುವ ಮುಚ್ಚಳದ ಒಳಗಡೆ ಬೆಣ್ಣೆ ತೆಗೆದ ಮಜ್ಜಿಗೆಯ ನೊರೆ ಮೆತ್ತಿದ ಹಾಗಿತ್ತು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಡಬ್ಬಿಯಲ್ಲಿ ಕೆಂಪು ಮಣ್ಣು ಬಣ್ಣದ ನೀರು, ಮೇಲೆ ಎಣ್ಣೆಯ ಪದರ. ಸಣ್ಣ ಓಡಾಟದ ಗಾಡಿಗಳಲ್ಲಿ, ಅದರಲ್ಲೂ ನಮ್ಮ ಮಳೆಗಾಲದಲ್ಲಿ, ಮುಚ್ಚಳದಲ್ಲಿ ಸ್ವಲ್ಪ ನೊರೆ ಕಟ್ಟುವುದು ಇದ್ದದ್ದೇ. ಆದರೆ ಎರಡೂ ಕಡೆ ಕಂಡರೆ ಹೆಡ್ ಗ್ಯಾಸ್ಕೆಟ್ಟೋ ಆಯಿಲ್ ಕೂಲರ್ರೋ ಹೋಗಿ ಆಯಿಲ್, ಕೂಲೆಂಟ್ ಒಂದಕ್ಕೊಂದು ಬೆರೆಯುತ್ತಿದೆ ಅಂತ ಅರ್ಥ. ಸ್ಟಾರ್ಟೂ ಮಾಡಿಸದೆ ವಾಪಸ್ ಬಂದೆವು.

ಮೂರನೆಯದು ಚಿಕ್ಕಮಗಳೂರಿನಲ್ಲಿ, ಯಾರ್ಡಿನದ್ದಲ್ಲ, ಓಡಿಸುತ್ತಿದ್ದವರೇ ಮಾರುತ್ತಿದ್ದ ಗಾಡಿ. 2014ರ ಮಾಡೆಲ್, ಕೆಎ 18, ಒಬ್ಬರೇ ಓನರ್, 2.2 ಲೀಟರ್ ಡೀಸೆಲ್, ಮೀಟರಿನಲ್ಲಿ 2,31,000. ರಿಟೈರ್ ಆದ ಸರ್ಕಾರಿ ನೌಕರರು. ಫೋನಿನಲ್ಲೇ ಹೇಳಿದ್ದರು, ‘ಟರ್ಬೋ ಹೋಗಿದೆ ಅಂತ ಗ್ಯಾರೇಜಿನವರು ಹೇಳಿದ್ದಾರಮ್ಮ, ಅದಕ್ಕೇ ಕಡಿಮೆಗೆ ಕೊಡ್ತಿದ್ದೀನಿ.’ ಟರ್ಬೋ ಅಂದರೆ ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತಳ್ಳುವ ಭಾಗ. ಕೇಳಿದ ಬೆಲೆ 4,60,000. ಇಷ್ಟು ನೇರವಾಗಿ ಹೇಳುವವರು ಸಿಗುವುದು ಅಪರೂಪ. ನನಗೆ ಅದೇ ಅನುಮಾನ ತರಿಸಿತು.

ಡಿಸೆಂಬರ್. ಅರೇಬಿಕಾ ಕೊಯ್ಲು ಶುರುವಾಗಿ ಆಳುಗಳ ಹಿಂದೆ ಓಡಾಡುತ್ತಿದ್ದ ಸಮಯ. ಆದರೂ ಬೆಳಿಗ್ಗೆ ಆರೂವರೆಗೆ ಅವರ ಮನೆ ಮುಂದೆ ಇದ್ದೆವು. ಗಾಡಿಯ ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಬಾನೆಟ್ ಮುಟ್ಟಿದರೆ ಕೈ ಜುಮ್ಮೆನ್ನಬೇಕು, ಅಷ್ಟು ತಣ್ಣಗೆ. ಮೇಸ್ತ್ರಿ ಅವತ್ತು ಮೊದಲ ಸಲ ನಕ್ಕರು.

ಅವರ ಚೀಲದಲ್ಲಿ ಇದ್ದದ್ದು ಇಷ್ಟೇ: ಟಾರ್ಚು, ಉದ್ದದ ಸ್ಕ್ರೂಡ್ರೈವರ್, ನಾಲ್ಕೈದು ಸ್ಪ್ಯಾನರ್, ಒಂದು ಬಿಳಿ ಹಾಳೆ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಪೈಪು, ಒಂದೇ ಅಳತೆಯ ನಾಲ್ಕು ಖಾಲಿ ಬಾಟಲಿ.

ಮೊದಲು ಡಿಪ್‌ಸ್ಟಿಕ್, ಆಯಿಲ್ ಮಟ್ಟ ನೋಡುವ ಕಡ್ಡಿ. ಆಯಿಲ್ ಕಪ್ಪಗಿತ್ತು. ನಾನು ಮುಖ ಕಿವಿಚಿದೆ. ‘ಡೀಸೆಲ್ ಗಾಡಿಲಿ ಆಯಿಲ್ ಕಪ್ಪಗಿರೋದೇ ಸರಿ ಅಕ್ಕ. ಮಾರೋಕೆ ಇಟ್ಟ ಗಾಡಿಲಿ ಜೇನುತುಪ್ಪದ ಬಣ್ಣ ಇದ್ರೆ ನಾನು ಹೆದರ್ತೀನಿ.’ ಹೊಸ ಆಯಿಲ್, ಅದರಲ್ಲೂ ದಪ್ಪ ಆಯಿಲ್ ಹಾಕಿದರೆ ಸವೆದ ಎಂಜಿನ್ನಿನ ಸದ್ದು ಕೆಲವು ದಿನ ಅಡಗುತ್ತದೆ. ಅವರು ಬೆರಳಿಗೆ ಹಚ್ಚಿ ಮೂಸಿದರು. ಡೀಸೆಲ್ ವಾಸನೆ ಬರುತ್ತದಾ, ಮಟ್ಟ ಮೇಲಿನ ಗೆರೆಗಿಂತ ಜಾಸ್ತಿ ಇದೆಯಾ ಅಂತ ನೋಡುವುದು. ಇಂಜೆಕ್ಟರ್ ಸೋರಿ ಡೀಸೆಲ್ ಕೆಳಗಿಳಿದರೆ ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಇಲ್ಲಿ ಆ ತೊಂದರೆ ಇರಲಿಲ್ಲ. ಕೂಲೆಂಟ್ ಹಸಿರಾಗಿತ್ತು, ಎಣ್ಣೆ ಇಲ್ಲ.

ಆಮೇಲೆ ನನ್ನನ್ನು ಸೀಟಿನಲ್ಲಿ ಕೂರಿಸಿ, ತಾವು ಸೈಲೆನ್ಸರ್ ಹಿಂದೆ ಕುಕ್ಕರುಗಾಲಿನಲ್ಲಿ ಕೂತರು. ಗ್ಲೋ ಲೈಟ್ ಆರಿದ ಮೇಲೆ ಕೀ ತಿರುಗಿಸಿದೆ. ನಾಲ್ಕೈದು ಸುತ್ತು ಎಳೆದುಕೊಂಡು ಹತ್ತಿತು. ಬಿಳಿ ಹೊಗೆ ಒಂದು ಉಂಡೆ ಬಂದು ಹತ್ತು ಸೆಕೆಂಡಿನಲ್ಲಿ ನಿಂತಿತು. ಚಳಿಗೆ ಅಷ್ಟು ಇರಲಿ ಅಂದರು. ಅದೇ ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಸ್ವಲ್ಪ ಸಿಹಿ ವಾಸನೆ ಇದ್ದರೆ, ಕೂಲೆಂಟ್ ಸುಡುತ್ತಿದೆ ಅಂತ. ನೀಲಿ ಇದ್ದರೆ ಆಯಿಲ್. ಕಪ್ಪು ಇದ್ದರೆ ಡೀಸೆಲ್ ಜಾಸ್ತಿ, ಇಲ್ಲವೇ ಗಾಳಿ ಕಡಿಮೆ.

ಮುಂದಿನದ್ದನ್ನು ನಾನು ಮರೆಯುವುದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು, ಅದನ್ನು ಬೋರಲಾಗಿ ಅದೇ ತೂತಿನ ಮೇಲೆ ಸುಮ್ನೆ ಇಟ್ಟರು. ಮುಚ್ಚಳ ತಟಪಟ ಅಂತ ಸಣ್ಣಗೆ ನಡುಗಿತು, ಜಾರಿ ಬೀಳಲಿಲ್ಲ. ಮುಚ್ಚಳ ತೆಗೆದು ಬಿಳಿ ಹಾಳೆಯನ್ನು ತೂತಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು ನಾಲ್ಕು ಕಲೆ. ಪಿಸ್ಟನ್ ರಿಂಗ್ ಸವೆದಿದ್ದರೆ ಸಿಲಿಂಡರಿನ ಒತ್ತಡ ಕೆಳಗೆ ನುಗ್ಗಿ ಇಲ್ಲಿಂದ ಇಡ್ಲಿ ಪಾತ್ರೆಯ ಹಬೆಯ ಹಾಗೆ ಹೊಗೆ ದಬದಬ ಬರುತ್ತದೆ. ಮುಚ್ಚಳ ಕುಣಿದು ಹಾರಿ ಬೀಳುತ್ತದೆ. ಹಾಗಾದರೆ ಎಂಜಿನ್ ಪೂರ್ತಿ ಬಿಚ್ಚುವ ಕೆಲಸ. ‘ಎರಡು ಲಕ್ಷ ಓಡಿದ್ದಕ್ಕೆ ಇಷ್ಟು ಉಸಿರು ಇದ್ದೇ ಇರತ್ತೆ. ಎಂಜಿನ್ ಒಳಗಡೆ ಗಟ್ಟಿ ಇದೆ.’ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ನಾಲ್ಕು ಕಡೆ ಕೇಳಿದರು. ನನಗೂ ಕೊಟ್ಟರು. ಎಲ್ಲ ಕಡೆಯೂ ಟಕಟಕ ಅಂತಲೇ ಕೇಳಿಸಿತು. ಆ ವಿದ್ಯೆ ನನಗೆ ಹತ್ತಲಿಲ್ಲ.

ಎಂಜಿನ್ ಇನ್ನೂ ಬಿಸಿಯಾಗಿರಲಿಲ್ಲ. ರೇಡಿಯೇಟರಿನ ಮೇಲಿನ ಪೈಪು ಹಿಸುಕಿ ನೋಡಿದರು. ಮೆತ್ತಗಿತ್ತು. ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ ಅದು ಕಲ್ಲಿನ ಹಾಗೆ ಗಟ್ಟಿಯಾದರೆ ಸಿಲಿಂಡರಿನ ಗಾಳಿ ಕೂಲೆಂಟಿಗೆ ಹೋಗುತ್ತಿದೆ ಅಂತ ಲೆಕ್ಕ. ಇನ್ನೊಂದು ಮಾತು ಒತ್ತಿ ಹೇಳಿದರು: ಬಿಸಿ ಗಾಡಿಯ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಮುಖಕ್ಕೆ ಹಾರುತ್ತದೆ.

ಡಾಂಗಲ್ ಇಲ್ಲಿ ಜಾಸ್ತಿ ಕೆಲಸಕ್ಕೆ ಬರಲಿಲ್ಲ. ಇದು ಬಿಎಸ್ 3 (ಗಾಡಿಯ ಹೊಗೆಗೆ ಸರ್ಕಾರ ಇಟ್ಟಿದ್ದ ಹಳೇ ಮಾನದಂಡ) ಗಾಡಿ. ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಬಿಎಸ್ 4 ಬಂದದ್ದು 2010ರಲ್ಲಿ, ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ನಮ್ಮ ಕಡೆ ಮಾರಿದ ಎಷ್ಟೋ ಗಾಡಿಗಳಲ್ಲಿ ಅರ್ಧ ಮಾಹಿತಿ ಹೊರಗೆ ಬರುವುದೇ ಇಲ್ಲ. ಮಗ ಅತ್ತಿತ್ತ ಒತ್ತಿ ಪಿ0299 ಅನ್ನುವ ಒಂದು ಕೋಡ್ ತೆಗೆದ. ಟರ್ಬೋ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ ಅಂತ. ‘ನೋಡಿದ್ರಾ, ಟರ್ಬೋನೇ,’ ಅಂದರು ಗಾಡಿಯ ಓನರ್ ಬೇಸರದಿಂದ.

‘ಒತ್ತಡ ಇಲ್ಲ ಅಂತ ಹೇಳತ್ತೆ ಅಷ್ಟೆ. ಯಾಕಿಲ್ಲ ಅಂತ ಹೇಳಲ್ವಲ್ಲ,’ ಅಂದರು ಮೇಸ್ತ್ರಿ.

ಕೈಮರದ ಕಡೆ ಹೊರಟೆವು. ಗಿರಿಗೆ ಹತ್ತುವ ಆ ರಸ್ತೆಗಿಂತ ಒಳ್ಳೆಯ ಪರೀಕ್ಷೆ ಚಿಕ್ಕಮಗಳೂರಿನಲ್ಲಿ ಇಲ್ಲ. ಬೈಪಾಸಿನಲ್ಲಿ ಎಂಥ ಗಾಡಿಯೂ ಓಡುತ್ತದೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಸಿದರು. ಗಾಡಿ ಎಳೆಯಲಿಲ್ಲ. ಕನ್ನಡಿಯಲ್ಲಿ ಕಪ್ಪು ಹೊಗೆ. ಬಾನೆಟ್ ಒಳಗಿಂದ ಬುಸ್ ಅಂತ ಹಾವಿನ ಸದ್ದು. ಕಾಲು ಎತ್ತಿದರೆ ಸದ್ದೂ ಇಲ್ಲ, ಹೊಗೆಯೂ ಇಲ್ಲ. ‘ಟರ್ಬೋ ಸವೆದ್ರೆ ಸಿಳ್ಳೆ ಹೊಡೆಯತ್ತೆ, ನೀಲಿ ಹೊಗೆ ಬಿಡತ್ತೆ. ಇದು ಬುಸ್ ಅಂತಿದೆ. ನಿಲ್ಲಿಸಿ.’

ತಕ್ಷಣ ಆಫ್ ಮಾಡಲು ಬಿಡಲಿಲ್ಲ. ಏರು ಹತ್ತಿದ ಟರ್ಬೋಗೆ ಒಂದೆರಡು ನಿಮಿಷ ತಣ್ಣಗಾಗುವುದಕ್ಕೆ ಬಿಡಬೇಕಂತೆ. ಆಮೇಲೆ ಸಿಲ್ವರ್ ಓಕ್ ಮರದ ನೆರಳಿನಲ್ಲಿ ಟಾರ್ಚ್ ಹಿಡಿದು ಇಂಟರ್‌ಕೂಲರಿಗೆ (ಟರ್ಬೋ ತಳ್ಳಿದ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ತೋರಿಸಿದರು. ಬಾಗಿದ ಜಾಗದ ಅಡಿಯಲ್ಲಿ, ಮೇಲಿಂದ ನೋಡಿದರೆ ಕಾಣದ ಕಡೆ, ಹೆಬ್ಬೆರಳಿನಷ್ಟು ಉದ್ದ ಸೀಳು. ಸುತ್ತ ಎಣ್ಣೆಯ ಜಿಡ್ಡು. ಸುಮ್ನಿದ್ದಾಗ ಅದರ ಬಾಯಿ ಮುಚ್ಚಿರುತ್ತದೆ. ಟರ್ಬೋ ಜೋರಾಗಿ ಗಾಳಿ ತಳ್ಳಿದಾಗ ಬಾಯಿ ತೆರೆಯುತ್ತದೆ. ಗಾಳಿ ಹೊರಗೆ ಹೋದರೆ ಡೀಸೆಲ್ ಸರಿಯಾಗಿ ಸುಡದೆ ಕಪ್ಪು ಹೊಗೆ. ಟರ್ಬೋ ಪಾಪ ಏನೂ ಮಾಡಿರಲಿಲ್ಲ.

ಮನೆಗೆ ವಾಪಸ್ ಬಂದು ತಣ್ಣಗಾದ ಮೇಲೆ ಟರ್ಬೋಗೆ ಗಾಳಿ ಹೋಗುವ ಪೈಪ್ ಬಿಚ್ಚಿ, ಒಳಗಿನ ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ, ಹಿಂದೆ ಮುಂದೆ ಇಲ್ಲವೇ ಇಲ್ಲ. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿಲ್ಲ. ‘ಟರ್ಬೋ ಚೆನ್ನಾಗಿದೆ ಸರ್, ಪೈಪ್ ಹರಿದಿದೆ ಅಷ್ಟೆ. ಸಾವಿರದೆಂಟುನೂರು ರೂಪಾಯಿ ಕೆಲಸ,’ ಅಂತ ಗಾಡಿಯ ಓನರಿಗೇ ಹೇಳಿಬಿಟ್ಟರು!

ನನಗೆ ಬಂದ ಸಿಟ್ಟು ಹೇಳತೀರದು. ದುಡ್ಡು ಕೊಟ್ಟು ಕರೆದುಕೊಂಡು ಬಂದವಳು ನಾನು. ಟರ್ಬೋ ಹೋಗಿದೆ ಅಂತ ಅವರೇ ನಂಬಿದ್ದಾರೆ, ಬೆಲೆಯನ್ನೂ ಇಳಿಸಿದ್ದಾರೆ. ಸ್ವಲ್ಪ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ? ದಾರಿಯಲ್ಲಿ ಕೇಳಿಯೂ ಬಿಟ್ಟೆ. ‘ಮೂವತ್ತು ವರ್ಷ ಆಯ್ತು ಅಕ್ಕ ಈ ಕೆಲಸಕ್ಕೆ. ಗಾಡಿಗೆ ಏನಾಗಿದೆ ಅಂತ ಕೇಳಿದ್ರೆ ಹೇಳ್ತೀನಿ. ವ್ಯಾಪಾರ ನಿಮ್ಮದು.’ ಇವರನ್ನು ಕರೆಯುವ ಯೋಚನೆ ಇರುವವರು ಇದನ್ನು ಮೊದಲೇ ತಿಳಿದುಕೊಂಡಿರಿ. ಗುಟ್ಟು ಇವರ ಬಾಯಲ್ಲಿ ನಿಲ್ಲುವುದಿಲ್ಲ.

ಕೊನೆಗೆ ಬಾಟಲಿ, ಅಂದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒತ್ತಡದಲ್ಲಿ ಡೀಸೆಲ್ ಕೊಡುವ ಒಂದೇ ಪೈಪು) ಇರುವ ಡೀಸೆಲ್ ಎಂಜಿನ್ನಿನಲ್ಲಿ ಪ್ರತಿ ಇಂಜೆಕ್ಟರಿನಿಂದಲೂ ಸ್ವಲ್ಪ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಒಳಗೆ ಸವೆದ ಇಂಜೆಕ್ಟರಿನಿಂದ ಜಾಸ್ತಿ ವಾಪಸ್ ಹೋಗುತ್ತದೆ. ಆ ರೈಲ್ ಪೈಪಿನಲ್ಲಿ ಒತ್ತಡ ನಿಲ್ಲುವುದಿಲ್ಲ, ಗಾಡಿ ಸ್ಟಾರ್ಟ್ ಆಗುವುದಕ್ಕೆ ಸತಾಯಿಸುತ್ತದೆ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪ್ ತೆಗೆದು ಡ್ರಿಪ್ ಪೈಪ್ ಸಿಕ್ಕಿಸಿ, ನಾಲ್ಕು ಬಾಟಲಿಗೆ ಬಿಟ್ಟು, ಬಾಟಲಿಗಳನ್ನು ದಾರದಲ್ಲಿ ಬಾನೆಟ್ಟಿಗೆ ನೇತು ಹಾಕಿದರು. ಮೂರು ನಿಮಿಷ ಎಂಜಿನ್ ಓಡಿತು. ಒಂದು, ಎರಡು, ನಾಲ್ಕು ಹೆಚ್ಚುಕಡಿಮೆ ಒಂದೇ ಮಟ್ಟ, ಎರಡು ಬೆರಳು ಎತ್ತರ. ಮೂರನೆಯದು ನಾಲ್ಕು ಬೆರಳು ದಾಟಿತ್ತು. ಸಾವಿರಾರು ರೂಪಾಯಿಯ ಯಂತ್ರ ಹೇಳಬೇಕಾದ್ದನ್ನು ಆ ಖಾಲಿ ಬಾಟಲಿಗಳು ಸಾಲಾಗಿ ನಿಂತು ಹೇಳಿದವು. ಒಂದು ಇಂಜೆಕ್ಟರ್ ಬಿಚ್ಚಿ ರಿಪೇರಿಗೆ ಕಳಿಸಬೇಕು. ಹೊಸದೇ ಹಾಕಿಸುವುದಾದರೆ ಅದರ ಮೇಲೆ ಮುದ್ರಿಸಿರುವ ಕೋಡನ್ನು ಇಸಿಯುಗೆ ಬರೆಸುವುದನ್ನು ಮರೆಯಬೇಡಿ ಅಂದರು. ಬರೆಸದೆ ಬಿಟ್ಟರೆ ಎಂಜಿನ್ ಸಮ ಓಡುವುದಿಲ್ಲ.

ಚೌಕಾಸಿ ನಡೆದು 4,35,000ಕ್ಕೆ ಬಂತು. ಪೈಪಿಗೆ 1,800, ಇಂಜೆಕ್ಟರ್ ರಿಪೇರಿಗೆ 9,500 ಖರ್ಚಾಯಿತು. ಆರ್‌ಸಿ, ಇನ್ಶೂರೆನ್ಸ್, ಸಾಲ ಇದೆಯಾ ಅನ್ನುವುದನ್ನೆಲ್ಲ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಾನೇ ನೋಡಿಕೊಂಡೆ. ಮೇಸ್ತ್ರಿ ಕಾಗದಪತ್ರದ ತಂಟೆಗೆ ಹೋಗುವುದಿಲ್ಲ. ಬರೆದ ರಿಪೋರ್ಟೂ ಕೊಡುವುದಿಲ್ಲ. ಎಲ್ಲ ಬಾಯಿಮಾತು. ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಅದರಿಂದಲೇ ಇಷ್ಟು ಬರೆಯಲು ಆಯಿತು.

ತಗೊಂಡು ಎಂಟು ತಿಂಗಳು, 11,000 ಕಿಲೋಮೀಟರ್ ಆಯಿತು. ಚಾರ್ಮಾಡಿಯಲ್ಲಿ ಅಣ್ಣಪ್ಪಸ್ವಾಮಿ ಗುಡಿಯಿಂದ ಕೊಟ್ಟಿಗೆಹಾರದವರೆಗೆ ಏಳು ಜನ ಕೂತು ಹತ್ತಿದರೂ ಎಂಜಿನ್ ದಮ್ಮು ಕಟ್ಟಿಲ್ಲ, ಟೆಂಪರೇಚರ್ ಮುಳ್ಳು ಮೇಲೆ ಹೋಗಿಲ್ಲ. ಆಯಿಲ್ ಕುಡಿಯುವುದಿಲ್ಲ. ಎಂಜಿನ್ ಬಗ್ಗೆ ಅವರು ಹೇಳಿದ್ದು ಒಂದೂ ಸುಳ್ಳಾಗಿಲ್ಲ.

ಎಂಜಿನ್ ಬಿಟ್ಟರೆ ಅವರ ಗಮನ ಕಡಿಮೆ ಅನ್ನುವುದೂ ನಿಜ. ಕ್ಲಚ್ ಇನ್ನೂ ಇಪ್ಪತ್ತು ಸಾವಿರ ಓಡುತ್ತದೆ ಅಂದಿದ್ದರು, ನಾಲ್ಕು ಸಾವಿರಕ್ಕೆ ಏರಿನಲ್ಲಿ ಜಾರುವುದಕ್ಕೆ ಶುರುವಾಯಿತು. ಹಾಕಿಸಲು 18,000. ಎಸಿ ಹಾಕಿಯೂ ನೋಡಿರಲಿಲ್ಲ. ಡಿಸೆಂಬರಿನ ಚಳಿಯಲ್ಲಿ ನನಗೂ ಹೊಳೆಯಲಿಲ್ಲ. ಏಪ್ರಿಲ್‌ನಲ್ಲಿ ಉಜಿರೆ ದಾಟುವಾಗ ಬಿಸಿಗಾಳಿ ಬಂದಾಗಲೇ ಗೊತ್ತಾದದ್ದು, ಗ್ಯಾಸ್ ಇಲ್ಲ ಅಂತ. ಅತ್ತೆ ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, ‘ನಿಮ್ಮ ಮೇಸ್ತ್ರಿ ಇದನ್ನ ನೋಡ್ಲಿಲ್ವಾ?’ ಅಂದರು.

ಫೋನ್ ಮಾಡಿ ಹೇಳಿದೆ. ‘ಎಸಿ ನನ್ನ ಕೆಲಸ ಅಲ್ಲ ಅಕ್ಕ,’ ಅಂದರು. ಆದರೂ ಕ್ಲಚ್ ಹಾಕಿದ್ದಕ್ಕೆ ಕೂಲಿ ಅರ್ಧ ಮಾತ್ರ ತಗೊಂಡರು.

ಅವತ್ತು ಗ್ಯಾರೇಜಿಗೆ ಹೋದಾಗ ಮಗನ ಡಾಂಗಲನ್ನು ಎರಡು ದಿನಕ್ಕೆ ಅಂತ ಇಸಿದುಕೊಂಡರು. ಮೂರು ತಿಂಗಳಾಯಿತು. ಕೇಳಿದಾಗಲೆಲ್ಲ, ‘ನಾಳೆ ಕಳಿಸ್ತೀನಿ ಅಕ್ಕ, ಒಂದು ಗಾಡಿ ನೋಡೋದಿದೆ,’ ಅಂತಾರೆ.